ಫಾಲ್ ಹಚ್ಚೂವಾಗ

ಮುಲುಂಡದ ಪೂರ್ವಕ್ಕ, ಮೀನ ಮಾರ್ಕೆಟ್ಟಿನ ಹಿಂದ
ಆರು ಫೂಟಿನ ಅಂಗಡಿ ನಂದು. ಫಾಲ್, ಪಿಕೋ, ಗೊಂಡೆ.
ಕೈ ಎರಡೂ ಸೀರಿಗೆ ಕೊಟ್ಟೀನಿ,
ಕಿವಿ ಇನ್ನೂ ನನ್ನವು.

ಕನ್ನಡ ನನಗ ಬಾಯಾಗ ಐತಿ, ಕಣ್ಣಾಗ ಇಲ್ಲ.
ಸೊಲ್ಲಾಪುರದ ಮರಾಠಿ ಸಾಲಿ;
ಮನ್ಯಾಗ ಅವ್ವನ ಬೈಗುಳಷ್ಟ ಕನ್ನಡ.
ಬಸ್ಸಿನ ಬೋರ್ಡು ಓದಾಕ ಬರೂದಿಲ್ಲ,
ಬೈದರ ಮಾತ್ರ ಯಾವ ತಾಲೂಕಿನವರು ಅಂತ ಹೇಳತೀನಿ.

ಹೋದ ದೀಪಾವಳಿಗೆ ಅಕ್ಕನ ಮಗ ಓಂಕಾರ
ಫೋನಿಗೆ ಒಂದು ಕಾದಂಬರಿ ಹಾಕಿಕೊಟ್ಟ.
ಹದಿನಾಲ್ಕು ತಾಸಿಂದಂತ.
ಅಂದರ ಹನ್ನೊಂದು ಸೀರಿ, ಅಂದೆ.

ಓದಿದಾವ ಒಬ್ಬ ಗಂಡಸು. ದನಿ ತಾಮ್ರದ ಹಂಡೆ.
ಕತಿಯೊಳಗಿನವರು ಅಳೂಕಿಂತ ಮೊದಲ
ತಾನ ಅಳತಿದ್ದ.
ಮುದುಕಿ ಬಂದರ ನಡಗೂ ದನಿ, ಹುಡುಗಿ ಬಂದರ ಪೀಪಿ,
ನಾಯಿ ಬಂದಾಗ ಖರೇನ ಬೊಗಳಿದ;
ಬಾಜೂಕ ಚಾವಿ ಮಾಡೋ ಇಸ್ಮಾಯಿಲ್ ಎದ್ದು
ಕೋಲು ಹುಡುಕಿದ.
ನನಗ ಅಳಾಕ ಜಾಗಾನ ಉಳೀಲಿಲ್ಲ.
ಎರಡನೇ ಸೀರಿಗೆ ಬಂದ್ ಮಾಡಿದೆ.

ವೇಗ ಹೆಚ್ಚ ಮಾಡು ಮಾವಶಿ, ಅಂದ ಓಂಕಾರ, ಒಂದೂವರೆ ಪಟ್ಟು.
ಮಾಡಿದೆ. ಗುಬ್ಬಿ ಜಗಳಾಡಿದಂಗಾತು.
ಒಂದು ಹೆಣ ಎತ್ತೂದರೊಳಗ
ಒಂದು ಮದವಿ ಮುಗದು ಊಟದ ಎಲಿ ತಗದಿದ್ದರು.

ಅದ ಕಾದಂಬರಿ, ಬ್ಯಾರೆ ಓದು, ಆಮ್ಯಾಲ ಸಿಕ್ಕಿತು.
‘ಓದಿದವರು ಕಸ್ತೂರಿ ಹಂಚಿನಾಳ’
ಅಷ್ಟಂದು ಆಕಿ ಒಂದು ಗುಟುಕು ನೀರು ಕುಡದಳು.
ಆ ಗುಟುಕು ಯಾರೂ ಅಳಿಸಿರಲಿಲ್ಲ.
ಅಕ್ಕಿ ಆರಿಸಕೋತ ಮಾತಾಡತಾರಲ್ಲ, ಹಂಗ ಓದಿದಳು.
ಕಲ್ಲು ಸಿಕ್ಕಲ್ಲಿ ನಿಂತಳು.

ಹತ್ತನೇ ಅಧ್ಯಾಯ.
ಹನ್ನೆರಡು ವರ್ಷದ ಮ್ಯಾಲ ಅಣ್ಣ ಬರತಾನ.
ತಂಗಿ ಹೊಸ್ತಿಲಾಗ ನಿಂತು ಅಂತಾಳ:
‘ಬಂದಿಯಾ.’

(ಆ ಗಂಡಸು ಇದನ್ನ ಹೆಂಗಂದಾನ ಅಂತ ಹುಡುಕಿ ಕೇಳಿದೆ.
ಒದರ್ಯಾನ. ಹಿಂದ ಪಿಟೀಲು ಬ್ಯಾರೆ.)

ಕಸ್ತೂರಿ, ಹಾಲು ತಂದಿಯಾ ಅಂತ ಕೇಳಿದಂಗ ಅಂದಳು.
ಅಂದು ಸುಮ್ಮನಾದಳು.
ಫೋನ್ ಸತ್ತಿತೇನು ಅಂತ ನೋಡಿದೆ. ಅಂಕಿ ಓಡತಿದ್ದವು.
ಅತ್ಲಾಗ ಫಾಸ್ಟ್ ಲೋಕಲ್ ಒಂದು ಪೂರಾ ಹಾದು ಹೋತು.
ಸೂಜಿ ಅರ್ಧ ಬಟ್ಟಿಯೊಳಗ ಇತ್ತು.
ಅಣ್ಣ ಏನಂದ ಅನ್ನೂದು ಆಮ್ಯಾಲ ಬಂತು.
ಅದು ನನಗ ಬೇಕಾಗಿರಲಿಲ್ಲ.

ಮುನಸಿಪಾಲ್ಟಿ ಸಾಲಿಯಿಂದ ರಿಟೈರಾದ ರತ್ನಾವತಿ ಟೀಚರ್
ಮೂರು ಇಳಕಲ್ ಹಿಡಕೊಂಡು ಬಂದಾಗ ಕೇಳಿದೆ.
ಪುಸ್ತಕ ಅವರ ಮನ್ಯಾಗಿತ್ತು. ಮರುದಿನ ತಂದು
ಪುಟ ಹುಡುಕಿ ಓದಿದರು, ಹಾಜರಿ ಕರದಂಗ: ಬಂದಿಯಾ.
ಆಮ್ಯಾಲ ರೀ?
‘ಆಮೇಲೇನು? ಮುಂದಿನ ಸಾಲು.’
ನಡುವ ರೀ?
ಕನ್ನಡಕ ಏರಿಸಿ, ಹಾಳಿಗೆ ಮೂಗು ತಾಗಿಸಿ
ಪಾಪ, ಭಾಳ ಹೊತ್ತು ಹುಡುಕಿದರು.
‘ಒಂದು ಚುಕ್ಕಿ ಇದೆಯಮ್ಮ.’

ಬೆರಳಿಟ್ಟು ನೋಡಿದೆ.
ಮೂರು ಅಕ್ಷರ, ಸೂಜಿ ಚುಚ್ಚಿದಷ್ಟು ಒಂದು ತೂತು.
ಅಷ್ಟು ಸಣ್ಣದರೊಳಗಿಂದ
ಅಷ್ಟು ದೊಡ್ಡ ಸುಮ್ಮನಿರೂದು ಹೊರಗ ಬಂದಿತ್ತು.

ಅದು ಬರದಾವರದೋ ಓದಿದಾಕಿದೋ, ನನಗ ತಿಳೀದು.
ಸೀರಿ ನೇದಾವ ಎಲ್ಲೋ ಇರತಾನ,
ಉಟ್ಟಾಕಿ ಕನ್ನಡಿ ಮುಂದ ನೆರಿಗಿ ನೋಡಿಕೋತಾಳ;
ಒಳಗ ತಿರುವಿ ಯಾರು ನೋಡತಾರ?

ಆ ಹೊತ್ತು ಕೈಯಾಗಿದ್ದದ್ದು ಗಿಣಿಹಸರು ಪೈಠಣಿ, ಠಾಣೆದವರದು.
ಹತ್ತನೇ ಅಧ್ಯಾಯದಾಗ ಎರಡು ಟಾಕಾ ತಪ್ಪಿದ್ದವು.
ಬಿಚ್ಚಿ ಮತ್ತ ಹಾಕಬೇಕಂತ ಕತ್ತರಿ ತಗೊಂಡಿದ್ದೆ.
ಹಂಗ ಮಡಚಿ ಕೊಟ್ಟೆ.